ಎಂಟು ಕೋಟಿಯ ಹಸಿರು: ಜಿಡಾಲ್‌ನ ಅನ್‌ಸ್ಕೇಲ್ ಆಯ್ಕೆ ಬಳಸಿ ನೋಡಿದ್ದು

ಸಸ್ಯ ಸೂಚ್ಯಂಕ, ಅಂದರೆ ಎನ್‌ಡಿವಿಐ, ಮೈನಸ್ ಒಂದರಿಂದ ಒಂದರೊಳಗೆ ಇರಬೇಕಾದ ಸಂಖ್ಯೆ. ದಟ್ಟ ಕಾಡಿಗೆ 0.8, ಬರಡು ನೆಲಕ್ಕೆ 0.1ರ ಆಸುಪಾಸು, ನೀರಿಗೆ ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗೆ. ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ನನ್ನ ಪರದೆಯ ಮೇಲೆ ಕಾಡಿನ ಒಂದು ಪಿಕ್ಸೆಲ್ ಎಂಟು ಕೋಟಿ ಎಂದು ತೋರಿಸಿತು. ಸೊನ್ನೆಗಳನ್ನು ಬೆರಳಿಟ್ಟು ಎಣಿಸಿದೆ. ಏಳು ಸೊನ್ನೆ, ಅವುಗಳ ಮುಂದೆ ಒಂದು ಎಂಟು. ಅಷ್ಟು ಹಸಿರು ಭೂಮಿಯ ಮೇಲೆ ಎಲ್ಲಿಯೂ ಇಲ್ಲ.

ಆಜ್ಞೆ ತಪ್ಪಿರಲಿಲ್ಲ, ಪರಿಕರವೂ ಕೆಟ್ಟಿರಲಿಲ್ಲ. ಹೇಳಿದ ಕೆಲಸವನ್ನು ಅದು ಚಾಚೂ ತಪ್ಪದೆ ಮಾಡಿತ್ತು. ಈ ವಿಮರ್ಶೆಯಲ್ಲಿ ನಾನು ಮತ್ತೆ ಮತ್ತೆ ದೂರುವುದೂ ಹೊಗಳುವುದೂ ಅದೊಂದನ್ನೇ.

ಮೊದಲು ಪರಿಕರದ ಪರಿಚಯ. ಜಿಡಾಲ್ ಎಂಬುದು ರಾಸ್ಟರ್ (ಪಿಕ್ಸೆಲ್‌ಗಳ ಜಾಲ) ಮತ್ತು ವೆಕ್ಟರ್ (ಬಿಂದು, ಗೆರೆ, ಆಕಾರ) ಭೂದತ್ತಾಂಶಗಳನ್ನು ಓದಿ ಬರೆಯುವ ಮುಕ್ತ ತಂತ್ರಾಂಶ ಗ್ರಂಥಾಲಯ. ಫ್ರಾಂಕ್ ವಾರ್ಮರ್‌ಡ್ಯಾಮ್ 1998ರಲ್ಲಿ ಆರಂಭಿಸಿದ್ದು. ಎಂಐಟಿ ಮಾದರಿಯ ಪರವಾನಗಿ. ಯಾರು ಬೇಕಾದರೂ ಬಳಸಬಹುದು. ಕ್ಯೂಜಿಐಎಸ್‌ನಂಥ ನಕ್ಷೆ ತಂತ್ರಾಂಶಗಳು ರಾಸ್ಟರ್ ಕಡತ ತೆರೆಯುವಾಗ ಒಳಗೆ ದುಡಿಯುವುದು ಇದೇ. ಹೆಸರನ್ನು ಕೆಲವರು ಜೀಡಾಲ್ ಎನ್ನುತ್ತಾರೆ, ಕೆಲವರು ಗೂಡಾಲ್ ಎನ್ನುತ್ತಾರೆ. ನಾನು ಮೊದಲ ಪಂಗಡ. ಇದರ ಜೊತೆಗೆ ಬರುವ ಆಜ್ಞೆಗಳಲ್ಲಿ ಒಂದು ಜಿಡಾಲ್ ಟ್ರಾನ್ಸ್‌ಲೇಟ್. ಹೆಸರು ಕೇಳಿ ಭಾಷಾಂತರ ಎಂದುಕೊಳ್ಳಬೇಡಿ. ಒಂದು ಸ್ವರೂಪದ ರಾಸ್ಟರನ್ನು ಇನ್ನೊಂದಕ್ಕೆ ಬದಲಿಸುವ, ಕತ್ತರಿಸುವ, ಬ್ಯಾಂಡು (ಚಿತ್ರದ ಒಂದೊಂದು ಪದರ) ಆರಿಸುವ ಆಜ್ಞೆ ಅದು. ಅದರೊಳಗಿನ ಅನ್‌ಸ್ಕೇಲ್ ಎಂಬ ಒಂದೇ ಆಯ್ಕೆಯ ಬಗ್ಗೆ ಈ ಬರಹ.

ಇಂಥದೊಂದು ಆಯ್ಕೆ ಏಕೆ ಬೇಕು? ಉಪಗ್ರಹ ದತ್ತಾಂಶ ಕೊಡುವವರು 0.6237 ಎಂಬ ದಶಮಾಂಶವನ್ನು ಹಾಗೆಯೇ ಇಡುವುದಿಲ್ಲ. ಹತ್ತು ಸಾವಿರದಿಂದ ಗುಣಿಸಿ 6237 ಎಂಬ ಪೂರ್ಣಾಂಕ ಮಾಡಿ ಇಡುತ್ತಾರೆ. ದಶಮಾಂಶಕ್ಕೆ ನಾಲ್ಕು ಬೈಟ್ ಬೇಕಾದಲ್ಲಿ ಪೂರ್ಣಾಂಕಕ್ಕೆ ಎರಡು ಸಾಕು. 4,800 ಸಾಲು, 4,800 ಕಂಬಗಳ ಒಂದು ಮೋಡಿಸ್ (ಉಪಗ್ರಹ ಸಂವೇದಕ) ಹಾಳೆಯಲ್ಲಿ 2 ಕೋಟಿ 30 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್‌ಗಳಿರುತ್ತವೆ. ಕುಗ್ಗಿಸದೆ ಇಟ್ಟರೆ 46 ಎಂಬಿ ಬದಲು 92 ಎಂಬಿ. ವರ್ಷಗಟ್ಟಲೆ ಕೂಡಿಡುವವರಿಗೆ ಇದು ಸಣ್ಣ ಉಳಿತಾಯವಲ್ಲ. ಪೂರ್ಣಾಂಕವನ್ನು ಮರಳಿ ನಿಜ ಬೆಲೆಗೆ ತರಲು ಸ್ಕೇಲ್ ಮತ್ತು ಆಫ್‌ಸೆಟ್ ಎಂಬ ಎರಡು ಅಂಕಿಗಳನ್ನು ಕಡತದ ಮೆಟಾಡೇಟಾದಲ್ಲಿ, ಅಂದರೆ ದತ್ತಾಂಶದ ಬಗೆಗಿನ ವಿವರದಲ್ಲಿ, ಬರೆದಿಡುತ್ತಾರೆ. ಕಚ್ಚಾ ಬೆಲೆಯನ್ನು ಸ್ಕೇಲ್‌ನಿಂದ ಗುಣಿಸಿ, ಆಮೇಲೆ ಆಫ್‌ಸೆಟ್ ಕೂಡಿಸಬೇಕು. ಅನ್‌ಸ್ಕೇಲ್ ಮಾಡುವುದು ಇಷ್ಟೇ: ಬ್ಯಾಂಡಿನ ಮೆಟಾಡೇಟಾದಿಂದ ಆ ಎರಡು ಅಂಕಿಗಳನ್ನು ಎತ್ತಿಕೊಂಡು ಪ್ರತಿ ಪಿಕ್ಸೆಲ್‌ಗೂ ಈ ಲೆಕ್ಕ ಹಾಕಿ ಹೊಸ ಕಡತ ಬರೆಯುತ್ತದೆ.

ಇಷ್ಟು ಸರಳ ಲೆಕ್ಕಕ್ಕೆ ವಿಮರ್ಶೆ ಏಕೆ ಎಂದರೆ, ಇದರಲ್ಲಿ ನಾನು ಎಡವಿದಷ್ಟು ಕಷ್ಟದ ಲೆಕ್ಕಗಳಲ್ಲಿ ಎಡವಿಲ್ಲ.

ಮೊದಲ ಬಾರಿ ಬಳಸಿದಾಗ ಆಜ್ಞೆ, ಅನ್‌ಸ್ಕೇಲ್, ಒಳಗಿನ ಕಡತ, ಹೊರಗಿನ ಕಡತ, ಇಷ್ಟನ್ನು ಬರೆದು ಎಂಟರ್ ಒತ್ತಿದೆ. ಸೊನ್ನೆಯಿಂದ ನೂರರವರೆಗಿನ ಚುಕ್ಕಿಗಳು ಓಡಿ ಕೆಲಸ ಮುಗಿಯಿತು. ನಕ್ಷೆ ತೆರೆದರೆ ಎರಡೇ ಬಣ್ಣ. ಕಾಡೆಲ್ಲ 1, ಉಳಿದ ನೆಲವೆಲ್ಲ 0. ಹೊಲಗಳ ಏರಿಳಿತ, ಕುರುಚಲು, ಕಾಡಿನ ಅಂಚು ಎಲ್ಲ ಮಾಯ. ಆಗಿದ್ದೇನೆಂದರೆ, ಲೆಕ್ಕ ಸರಿಯಾಗಿಯೇ ನಡೆದು 0.6237 ಬಂದಿತ್ತು. ಆದರೆ ಹೊರಗಿನ ಕಡತದ ಮಾದರಿಯನ್ನು, ಅಂದರೆ ಸಂಖ್ಯೆಗಳು ಪೂರ್ಣಾಂಕವೋ ದಶಮಾಂಶವೋ ಎಂಬುದನ್ನು, ನಾನು ಹೇಳಿರಲಿಲ್ಲ. ಹೇಳದಿದ್ದರೆ ಮೂಲದ ಮಾದರಿಯೇ ಮುಂದುವರಿಯುತ್ತದೆ, ಅಂದರೆ 16 ಬಿಟ್ ಪೂರ್ಣಾಂಕ. ಪೂರ್ಣಾಂಕದ ಮನೆಯಲ್ಲಿ ದಶಮಾಂಶಕ್ಕೆ ಜಾಗವಿಲ್ಲ, 0.6237 ದುಂಡಾಗಿ 1 ಆಯಿತು, 0.4 ದುಂಡಾಗಿ 0 ಆಯಿತು. ಓಟಿ ಎಂಬ ಆಯ್ಕೆ ಸೇರಿಸಿ ಫ್ಲೋಟ್32 (32 ಬಿಟ್ ದಶಮಾಂಶ) ಎಂದು ಹೇಳಿದರೆ ಸರಿಹೋಗುತ್ತದೆ. ಕೈಪಿಡಿಯಲ್ಲಿ ಅನ್‌ಸ್ಕೇಲ್ ವಿವರಣೆಯ ಪಕ್ಕದಲ್ಲೇ, ಮಾದರಿಯನ್ನೂ ಬದಲಿಸಬೇಕಾಗುವುದು ಸಾಮಾನ್ಯ ಎಂಬ ಮಾತಿದೆ. ಓದದೆ ಓಡಿದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೂ ಕೇಳುತ್ತೇನೆ: ಸ್ಕೇಲ್ 0.0001 ಎಂದು ಪರಿಕರಕ್ಕೇ ಗೊತ್ತಿದ್ದ ಮೇಲೆ, ಉತ್ತರವನ್ನು ಪೂರ್ಣಾಂಕದಲ್ಲಿ ತುರುಕುತ್ತಿದ್ದೇನೆ ಎಂದು ಒಂದು ಸಾಲಿನ ಎಚ್ಚರಿಕೆ ಕೊಡಲು ಏನಡ್ಡಿ?

ಫ್ಲೋಟ್64 ಬೇಡವೇ ಎಂದು ಕೇಳುವವರಿಗೆ: 16 ಬಿಟ್ ಪೂರ್ಣಾಂಕದಿಂದ ಬಂದ ಬೆಲೆಗೆ ಫ್ಲೋಟ್32ರ ಏಳು ಅಂಕಿಗಳ ನಿಖರತೆ ಧಾರಾಳವಾಗಿ ಸಾಕು. 0.62 ಇರಬೇಕಾದಲ್ಲಿ 0.6200000047683716 ಎಂದು ಕಂಡರೆ ಗಾಬರಿ ಬೇಡ. ಅದು ದೋಷವಲ್ಲ, ದ್ವಿಮಾನ ಸಂಖ್ಯೆಗಳ ಸ್ವಭಾವ.

ಇನ್ನು ಎಂಟು ಕೋಟಿಯ ಕತೆ. ಆ ಕಡತ ಎಚ್‌ಡಿಎಫ್ ಎಂಬ ವೈಜ್ಞಾನಿಕ ದತ್ತಾಂಶ ಸ್ವರೂಪದ್ದು. ಹೆಸರಾಂತ ಸಸ್ಯ ಸೂಚ್ಯಂಕ ಉತ್ಪನ್ನ, ಕೊಟ್ಟವರ ಹೆಸರು ಬೇಡ. ಜಿಡಾಲ್ ಇನ್ಫೋ ಆಜ್ಞೆಯಿಂದ ಮೆಟಾಡೇಟಾ ಬಿಚ್ಚಿ ನೋಡಿದೆ. ಸ್ಕೇಲ್ ಎಂಬಲ್ಲಿ 10000 ಎಂದಿತ್ತು. 0.0001 ಅಲ್ಲ, ಹತ್ತು ಸಾವಿರ. ಬರೆದವರ ಮನಸ್ಸಿನಲ್ಲಿ ಅದು ಭಾಗಿಸಬೇಕಾದ ಅಂಕಿ. ಓದುವ ಪರಿಕರಕ್ಕೆ ಅದು ಗುಣಿಸಬೇಕಾದ ಅಂಕಿ. ಕಚ್ಚಾ ಬೆಲೆ 8000, 0.8 ಆಗಬೇಕಿದ್ದದ್ದು ಹತ್ತು ಸಾವಿರದಿಂದ ಗುಣಿಸಿಕೊಂಡು ಎಂಟು ಕೋಟಿಯಾಯಿತು. ಸ್ಕೇಲ್ ಎಂಬ ಪದವನ್ನು ಎರಡು ಕಡೆಯವರು ಎರಡು ದಿಕ್ಕಿಗೆ ಎಳೆದರೆ ನಡುವೆ ನಿಂತವನ ಗತಿ ಇಷ್ಟೇ.

ಪರಿಹಾರ ಪರಿಕರದೊಳಗೇ ಇದೆ, ಅದಕ್ಕೆ ಮೆಚ್ಚುಗೆ ಸಲ್ಲಲೇಬೇಕು. ಎ-ಸ್ಕೇಲ್, ಎ-ಆಫ್‌ಸೆಟ್ ಎಂಬ ಎರಡು ಆಯ್ಕೆಗಳಿವೆ. ಅವು ಪಿಕ್ಸೆಲ್‌ಗಳನ್ನು ಮುಟ್ಟುವುದಿಲ್ಲ. ಮೆಟಾಡೇಟಾದ ಅಂಕಿಯನ್ನು ಮಾತ್ರ ಬದಲಿಸುತ್ತವೆ. ನನ್ನ ಮೊದಲ ದುಡುಕು, ಎ-ಸ್ಕೇಲ್ ಮತ್ತು ಅನ್‌ಸ್ಕೇಲ್ ಎರಡನ್ನೂ ಒಂದೇ ಆಜ್ಞೆಯಲ್ಲಿ ಕೊಟ್ಟಿದ್ದು. ಎ-ಸ್ಕೇಲ್ ಅನ್ವಯವಾಗುವುದು ಹೊರಗಿನ ಕಡತಕ್ಕೆ, ಅನ್‌ಸ್ಕೇಲ್ ಓದುವುದು ಒಳಗಿನ ಕಡತವನ್ನು. ಎರಡೂ ಒಂದನ್ನೊಂದು ನೋಡುವುದೇ ಇಲ್ಲ. ಆದ್ದರಿಂದ ಎರಡು ಹೆಜ್ಜೆ ಬೇಕು. ಮೊದಲು ಎ-ಸ್ಕೇಲ್ 0.0001 ಎಂದು ಕೊಟ್ಟು ವಿಆರ್‌ಟಿ ಸ್ವರೂಪದಲ್ಲಿ ಬರೆಯುವುದು, ಆಮೇಲೆ ಆ ವಿಆರ್‌ಟಿಯನ್ನು ಅನ್‌ಸ್ಕೇಲ್ ಮತ್ತು ಫ್ಲೋಟ್32 ಜೊತೆ ಟಿಫ್‌ಗೆ ಇಳಿಸುವುದು. ವಿಆರ್‌ಟಿ ಎಂದರೆ ದತ್ತಾಂಶದ ನಕಲಲ್ಲ, ಮೂಲ ಕಡತವನ್ನು ಹೇಗೆ ಓದಬೇಕೆಂದು ಹೇಳುವ ಪುಟ್ಟ ಎಕ್ಸ್‌ಎಂಎಲ್ ಚೀಟಿ. ಕೆಲವು ಕಿಲೋಬೈಟ್ ಅಷ್ಟೇ. ಕ್ಷಣಾರ್ಧದಲ್ಲಿ ಸಿದ್ಧವಾಗುತ್ತದೆ, ಡಿಸ್ಕ್ ತುಂಬುವುದಿಲ್ಲ. ಜಿಡಾಲ್‌ನಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಯಾವುದು ಎಂದರೆ ಈ ಚೀಟಿಯನ್ನೇ ತೋರಿಸುತ್ತೇನೆ. ಬೇಕಿದ್ದರೆ ಎರಡನೆಯ ಹೆಜ್ಜೆಯನ್ನೂ ವಿಆರ್‌ಟಿಯಾಗಿಯೇ ಇಡಬಹುದು; ಆಗ ಗುಣಾಕಾರ ನಡೆಯುವುದು ಯಾರಾದರೂ ಕಡತ ತೆರೆದಾಗ ಮಾತ್ರ.

ಇನ್ನೊಂದು ಮೆಚ್ಚುಗೆ. ಅನ್‌ಸ್ಕೇಲ್ ಆದ ಕಡತದಲ್ಲಿ ಹಳೆಯ ಸ್ಕೇಲ್, ಆಫ್‌ಸೆಟ್ ಉಳಿಯುವುದಿಲ್ಲ. ಉಳಿದಿದ್ದರೆ ಮುಂದಿನ ತಂತ್ರಾಂಶ ಅದನ್ನು ಮತ್ತೊಮ್ಮೆ ಗುಣಿಸುತ್ತಿತ್ತು. ಈ ಸೂಕ್ಷ್ಮವನ್ನು ಬರೆದವರು ಮರೆತಿಲ್ಲ.

ಆಫ್‌ಸೆಟ್ ಸೊನ್ನೆಯಾಗಿದ್ದಾಗ ಬದುಕು ಸುಲಭ. ಸೊನ್ನೆಯಲ್ಲದಾಗ ತಪ್ಪು ಕಣ್ಣಿಗೆ ಬೀಳದಂತೆ ನುಸುಳುತ್ತದೆ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಎರಡನೆಯ ಸಂಗ್ರಹದ ಮೇಲ್ಮೈ ಪ್ರತಿಫಲನವನ್ನೇ (ನೆಲ ಮರಳಿಸುವ ಬೆಳಕಿನ ಪಾಲು) ತೆಗೆದುಕೊಳ್ಳಿ. ಅದರ ಸ್ಕೇಲ್ 0.0000275, ಆಫ್‌ಸೆಟ್ ಮೈನಸ್ 0.2. ಒಂದು ಪಿಕ್ಸೆಲ್‌ನಲ್ಲಿ ಕೆಂಪು ಬ್ಯಾಂಡಿನ ಕಚ್ಚಾ ಬೆಲೆ 9,000, ಅವಕೆಂಪು ಬ್ಯಾಂಡಿನದು 20,000 ಎಂದುಕೊಳ್ಳಿ. ಈ ಎರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ. ಕಚ್ಚಾ ಬೆಲೆಗಳಿಂದಲೇ ಅದನ್ನು ತೆಗೆದರೆ 11,000ವನ್ನು 29,000ದಿಂದ ಭಾಗಿಸಿ 0.38. ಯಾರಿಗೂ ಅನುಮಾನ ಬರುವುದಿಲ್ಲ, ಏಕೆಂದರೆ 0.38 ಕೂಡ ಸಭ್ಯ ಸಂಖ್ಯೆಯೇ. ಈಗ ಎರಡನ್ನೂ ನಿಜ ಬೆಲೆಗೆ ತನ್ನಿ: ಕೆಂಪು 0.0475, ಅವಕೆಂಪು 0.35. ಎನ್‌ಡಿವಿಐ 0.76. ಒಂದೇ ಜಾಗ, ಒಂದೇ ದಿನ. ಒಂದು ಲೆಕ್ಕದಲ್ಲಿ ಬಡಕಲು ಹುಲ್ಲು, ಇನ್ನೊಂದರಲ್ಲಿ ದಟ್ಟ ಬೆಳೆ. ಬರೀ ಗುಣಕವಿದ್ದರೆ ಅದು ಮೇಲೆ ಕೆಳಗೆ ಹೊಡೆದುಹೋಗುತ್ತಿತ್ತು. ಕೂಡಿಸುವ ಅಂಕಿ ಹಾಗೆ ಹೋಗುವುದಿಲ್ಲ. ಅನುಪಾತ ತಾನೇ, ಪರಿವರ್ತನೆ ಏಕೆ ಎಂದು ಹೇಳುವ ಹಿರಿಯರು ನನಗೂ ಇದ್ದರು. ಅವರು ಕಲಿತ ಕಾಲದ ದತ್ತಾಂಶಕ್ಕೆ ಆ ಮಾತು ಸರಿಯಿದ್ದಿರಬೇಕು.

ಇಲ್ಲಿ ಇನ್ನೊಂದು ತಿರುವಿದೆ. ಈ ಅಂಕಿಗಳು ಪಕ್ಕದಲ್ಲಿ ಬರುವ ಎಂಟಿಎಲ್ ಎಂಬ ಪಠ್ಯ ಕಡತದಲ್ಲಿರುತ್ತವೆ. ಬ್ಯಾಂಡಿನ ಕಡತದ ಮೆಟಾಡೇಟಾದಲ್ಲಿ ಸ್ಕೇಲ್ ಇಲ್ಲದಿದ್ದರೆ ಅನ್‌ಸ್ಕೇಲ್ ಏನು ಮಾಡುತ್ತದೆ? ಸ್ಕೇಲ್ 1, ಆಫ್‌ಸೆಟ್ 0 ಎಂದುಕೊಂಡು ಒಂದರಿಂದ ಗುಣಿಸಿ ಸೊನ್ನೆ ಕೂಡಿಸುತ್ತದೆ. 9,000 ಇದ್ದದ್ದು 9000.0 ಆಗಿ ಹೊರಬರುತ್ತದೆ. ದೂರಿಲ್ಲ, ಎಚ್ಚರಿಕೆಯಿಲ್ಲ, ಅದೇ ಚುಕ್ಕಿಗಳ ಓಟ. ನನ್ನ ಅತಿ ದೊಡ್ಡ ತಕರಾರು ಇದೇ. ಮೆಟಾಡೇಟಾದಲ್ಲಿ ಸ್ಕೇಲ್ ಇದೆಯೇ ಇಲ್ಲವೇ ಎಂದು ನೋಡುವುದು ಪರಿಕರಕ್ಕೆ ಕ್ಷಣದ ಕೆಲಸ. ನನಗೆ ಅದು ಇಡೀ ಮಧ್ಯಾಹ್ನದ ಕೆಲಸವಾಯಿತು: ದೊಡ್ಡ ರಾಶಿಯೊಂದನ್ನು ಅನ್‌ಸ್ಕೇಲ್ ಮಾಡಿ ಮುಗಿಸಿ, ಒಂದನ್ನೂ ಅನ್‌ಸ್ಕೇಲ್ ಮಾಡಿಲ್ಲ ಎಂದು ಆಮೇಲೆ ತಿಳಿಯಿತು.

ಸೆಂಟಿನೆಲ್-2 ಉಪಗ್ರಹದ ಚಿತ್ರ ಬಳಸುವವರಿಗೆ ಒಂದು ಮಾತು. 2022ರ ಜನವರಿ 25ರಿಂದ ಅದರ ಹೊಸ ಸಂಸ್ಕರಣಾ ಆವೃತ್ತಿಯಲ್ಲಿ ಕಚ್ಚಾ ಬೆಲೆಗೆ ಮೈನಸ್ 1,000 ಕೂಡಿಸಿ ಆಮೇಲೆ 10,000ದಿಂದ ಭಾಗಿಸಬೇಕು. ಜಿಡಾಲ್ ಮೊದಲು ಗುಣಿಸಿ ಆಮೇಲೆ ಕೂಡಿಸುತ್ತದೆ. ಹಾಗಾಗಿ ಎ-ಆಫ್‌ಸೆಟ್‌ಗೆ ಕೊಡಬೇಕಾದದ್ದು ಮೈನಸ್ 0.1; ಮೈನಸ್ 1000 ಅಲ್ಲ. ಮೈನಸ್ 1000 ಕೊಟ್ಟವರ ಪ್ರತಿಫಲನವೆಲ್ಲ ಸಾವಿರದಷ್ಟು ಪಾತಾಳಕ್ಕಿಳಿಯುತ್ತದೆ. ಅದು ಕೂಡಲೇ ಕಣ್ಣಿಗೆ ಬೀಳುವುದರಿಂದ ಅಷ್ಟು ಅಪಾಯವಿಲ್ಲ. ಹಳೆಯ ಮತ್ತು ಹೊಸ ಆವೃತ್ತಿಯ ಚಿತ್ರಗಳನ್ನು ಒಂದೇ ಆಫ್‌ಸೆಟ್‌ನಿಂದ ಬದಲಿಸುವುದೇ ನಿಜವಾದ ಅಪಾಯ.

ಖಾಲಿ ಪಿಕ್ಸೆಲ್‌ಗಳ ಸಮಸ್ಯೆ ಬೇರೆಯೇ. ಮೋಡ, ಚಿತ್ರದ ಅಂಚು, ದತ್ತಾಂಶ ಸಿಗದ ಜಾಗ, ಇವಕ್ಕೆ ಒಂದು ತುಂಬು ಅಂಕಿ ಹಾಕಿರುತ್ತಾರೆ. ಲ್ಯಾಂಡ್‌ಸ್ಯಾಟ್ ಮೇಲ್ಮೈ ತಾಪಮಾನದಲ್ಲಿ ಅದು 0. ಸಹೋದ್ಯೋಗಿಯೊಬ್ಬರು ಬೇಕಾದ ಭಾಗ ಕತ್ತರಿಸಿ ನನಗೊಂದು ಕಡತ ಕಳುಹಿಸಿದರು. ಸೊನ್ನೆ ಎಂದರೆ ಖಾಲಿ ಎಂಬ ನೋಡೇಟಾ ಗುರುತು ಆ ದಾರಿಯಲ್ಲಿ ಎಲ್ಲೋ ಕಳಚಿ ಬಿದ್ದಿತ್ತು. ಸ್ಕೇಲ್ 0.00341802, ಆಫ್‌ಸೆಟ್ 149 ಕೆಲ್ವಿನ್ ಎಂದು ಕೊಟ್ಟು ಅನ್‌ಸ್ಕೇಲ್ ಮಾಡಿದೆ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ, ಅದಕ್ಕೆ 149 ಕೂಡಿಸಿದರೆ 149 ಕೆಲ್ವಿನ್. ಸೆಲ್ಸಿಯಸ್‌ನಲ್ಲಿ ಮೈನಸ್ 124.15. ಅಂಟಾರ್ಕ್ಟಿಕಾದ ವೋಸ್ಟಾಕ್ ನಿಲ್ದಾಣದಲ್ಲಿ 1983ರಲ್ಲಿ ದಾಖಲಾದ ಚಳಿಯೇ ಮೈನಸ್ 89.2. ಚಿತ್ರದ ಮೂರನೆಯ ಒಂದು ಭಾಗ ಖಾಲಿ ಇದ್ದು ಉಳಿದದ್ದು 300 ಕೆಲ್ವಿನ್ ಇದ್ದರೂ ಸರಾಸರಿ 250 ಕೆಲ್ವಿನ್‌ಗಿಂತ ಕೆಳಗೆ ಬೀಳುತ್ತದೆ, ಅಂದರೆ ಮೈನಸ್ 23ಕ್ಕೂ ಕೆಳಗೆ. ಬಿರುಬಿಸಿಲಿನ ನೆಲಕ್ಕೆ ಹಿಮ ಸುರಿದಂತೆ.

ಇಲ್ಲಿ ಪರಿಕರವನ್ನು ಬೈಯಲಾರೆ. ಗುರುತೇ ಇಲ್ಲದ ಸೊನ್ನೆ ಖಾಲಿಯೋ ಬೆಲೆಯೋ ಎಂದು ಅದಕ್ಕೆ ಹೇಗೆ ತಿಳಿಯಬೇಕು? ಅಂದು ನನ್ನನ್ನು ಉಳಿಸಿದ್ದು ಒಂದು ಅಡ್ಡದಾರಿ. ಹೊರಗಿನ ಕಡತಕ್ಕೆ ಎ-ನೋಡೇಟಾ 149 ಎಂದು ಕೊಟ್ಟೆ. ಕಚ್ಚಾ ಬೆಲೆ ಸೊನ್ನೆಯಾಗಿದ್ದಲ್ಲಿ ಮಾತ್ರ 149 ಬರಲು ಸಾಧ್ಯ, ಮತ್ತು 149 ಪೂರ್ಣಾಂಕವಾದ್ದರಿಂದ ದಶಮಾಂಶ ಮಾದರಿಯಲ್ಲೂ ಅಕ್ಷರಶಃ 149 ಆಗಿಯೇ ಉಳಿಯುತ್ತದೆ. ಸಸ್ಯ ಸೂಚ್ಯಂಕದ ತುಂಬು ಅಂಕಿ ಮೈನಸ್ 3000 ಇದ್ದು ಅದು ಮೈನಸ್ 0.3 ಆದಾಗ ಇದೇ ಉಪಾಯಕ್ಕೆ ನಾನು ಕೈಹಾಕುವುದಿಲ್ಲ, 0.3 ದ್ವಿಮಾನದಲ್ಲಿ ಕರಾರುವಾಕ್ಕಾಗಿ ಕೂರುವುದಿಲ್ಲ. ಅಲ್ಲಿ ಜಿಡಾಲ್ ಕ್ಯಾಲ್ಕ್ ಎಂಬ ಪೈಥಾನ್ ಆಜ್ಞೆಗೆ ಹೋಗುತ್ತೇನೆ: ಬೆಲೆ ಮೈನಸ್ 3000 ಆಗಿದ್ದರೆ ಮೈನಸ್ 9999 ಇಡು, ಇಲ್ಲದಿದ್ದರೆ 0.0001ರಿಂದ ಗುಣಿಸು ಎಂದು ಸೂತ್ರ ಬರೆಯುತ್ತೇನೆ. ನಿಧಾನ, ಆದರೆ ಏನು ನಡೆಯುತ್ತಿದೆ ಎಂಬುದು ಕಣ್ಣೆದುರೇ ಇರುತ್ತದೆ. ಕ್ಯಾಲ್ಕ್ ಮೆಟಾಡೇಟಾದ ಸ್ಕೇಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಕಚ್ಚಾ ಬೆಲೆಯ ಮೇಲೆಯೇ ಕೆಲಸ ಮಾಡುತ್ತದೆ ಎಂಬುದು ನೆನಪಿರಲಿ.

ಹೆಸರುಗಳ ವಿಷಯದಲ್ಲಿ ನನಗೆ ಸಿಟ್ಟಿದೆ. ಟ್ರಾನ್ಸ್‌ಲೇಟ್‌ನಲ್ಲಿ ಸ್ಕೇಲ್ ಎಂಬ ಇನ್ನೊಂದು ಆಯ್ಕೆಯಿದೆ. ಅನ್‌ಸ್ಕೇಲ್‌ನ ವಿರುದ್ಧ ಎಂದು ಯಾರಾದರೂ ಭಾವಿಸುತ್ತಾರೆ. ಅಲ್ಲ. ಅದು ಒಂದು ವ್ಯಾಪ್ತಿಯ ಬೆಲೆಗಳನ್ನು ಇನ್ನೊಂದು ವ್ಯಾಪ್ತಿಗೆ ಹಿಗ್ಗಿಸುವ ಅಥವಾ ಕುಗ್ಗಿಸುವ ಆಯ್ಕೆ. ಏನೂ ಹೇಳದೆ ಬೈಟ್ ಮಾದರಿಗೆ ಬಿಟ್ಟರೆ ಸೊನ್ನೆಯಿಂದ 255ರೊಳಗೆ ತಂದು ಕೂರಿಸುತ್ತದೆ. ಚಿತ್ರ ನೋಡಲು ಚೆನ್ನ, ಅಳತೆಗೆ ನಿರುಪಯೋಗಿ. ಮೆಟಾಡೇಟಾದ ಸ್ಕೇಲ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಇನ್ನು ಜಿಡಾಲ್ ಎಡಿಟ್ ಎಂಬ ಸೋದರ ಆಜ್ಞೆಯಲ್ಲಿ ಅದೇ ಸ್ಕೇಲ್ ಎಂಬ ಹೆಸರಿನ ಆಯ್ಕೆ ಮೆಟಾಡೇಟಾದ ಅಂಕಿಯನ್ನು ಬರೆಯುತ್ತದೆ. ಒಂದೇ ಮನೆ, ಒಂದೇ ಹೆಸರು, ಎರಡು ಕೆಲಸ. ಹೊಸಬರಿಗೆ ಹೇಳಿಕೊಡುವಾಗ ನಾನು ಈ ಮೂರನ್ನೂ ಹಲಗೆಯ ಮೇಲೆ ಬರೆದು, ಪಿಕ್ಸೆಲ್ ಮುಟ್ಟುವವುಗಳ ಸುತ್ತ ಕೆಂಪು ಗೆರೆ ಎಳೆಯುತ್ತೇನೆ.

3.11ನೆಯ ಆವೃತ್ತಿ 2025ರಲ್ಲಿ ಬಂದಾಗ ಎಲ್ಲ ಆಜ್ಞೆಗಳನ್ನೂ ಜಿಡಾಲ್ ಎಂಬ ಒಂದೇ ಹೆಸರಿನಡಿ ತರುವ ಹೊಸ ವ್ಯವಸ್ಥೆ ಬಂತು. ಅದರಲ್ಲಿ ಜಿಡಾಲ್ ರಾಸ್ಟರ್ ಅನ್‌ಸ್ಕೇಲ್ ಎಂದು ಇದೇ ಕೆಲಸಕ್ಕೆ ಸ್ವತಂತ್ರ ಆಜ್ಞೆಯಿದೆ. ಮಾದರಿ ಹೇಳದಿದ್ದರೂ ದಶಮಾಂಶವಾಗಿಯೇ ಬರೆಯುತ್ತದೆ. ಎರಡೇ ಬಣ್ಣದ ಕಾಡು ಮತ್ತೆ ಕಾಣಿಸದು. ಓದು, ಅನ್‌ಸ್ಕೇಲ್ ಮಾಡು, ಬರೆ ಎಂದು ಪೈಪ್‌ಲೈನ್‌ನಲ್ಲಿ ಪೋಣಿಸಲೂ ಬಹುದು. ಇದು ನಿಜಕ್ಕೂ ಒಳ್ಳೆಯ ಬದಲಾವಣೆ. ಆದರೆ ಈ ಹೊಸ ವ್ಯವಸ್ಥೆ ಬಂದಾಗ, ಸದ್ಯಕ್ಕೆ ತಾತ್ಕಾಲಿಕ, ಆಯ್ಕೆಗಳ ಹೆಸರು ಬದಲಾಗಬಹುದು ಎಂಬ ಸೂಚನೆಯೂ ಜೊತೆಗಿತ್ತು. ಆದ್ದರಿಂದ ರಾತ್ರಿ ತಾನಾಗಿ ಓಡುವ ನನ್ನ ಸ್ಕ್ರಿಪ್ಟ್‌ಗಳಲ್ಲಿ ಇನ್ನೂ ಹಳೆಯ ಟ್ರಾನ್ಸ್‌ಲೇಟ್ ಸಾಲೇ ಇದೆ. ಅಂದಹಾಗೆ ಹೊಸದರಲ್ಲೂ ರಾಸ್ಟರ್ ಸ್ಕೇಲ್, ರಾಸ್ಟರ್ ಅನ್‌ಸ್ಕೇಲ್ ಎಂದು ಅಕ್ಕಪಕ್ಕ ಕೂರಿಸಿದ್ದಾರೆ. ಹೆಸರಿನ ಗೊಂದಲ ಹೊಸ ಮನೆಗೂ ಬಂದಿತು.

ಯಾರು ಬಳಸಬೇಕು, ಯಾರಿಗೆ ಬೇಡ? ಕ್ಯೂಜಿಐಎಸ್‌ನಲ್ಲಿ ತೆರೆದು ನೋಡುವುದಷ್ಟೇ ಕೆಲಸವಾದರೆ ಬೇಡ. ಅದು ಮೆಟಾಡೇಟಾದ ಸ್ಕೇಲನ್ನು ತಾನೇ ಅನ್ವಯಿಸಿ ತೋರಿಸುತ್ತದೆ. ಆರ್ ಭಾಷೆಯ ಟೆರ್ರಾ ಗ್ರಂಥಾಲಯ ಕೂಡ ಹಾಗೆಯೇ. ಪೈಥಾನ್‌ನ ರಾಸ್ಟೀರಿಯೊ ಹಾಗಲ್ಲ, ಕಚ್ಚಾ ಬೆಲೆಯನ್ನೇ ಕೈಗಿಡುತ್ತದೆ. ಒಂದೇ ಕಡತದಿಂದ ಇಬ್ಬರು ಎರಡು ಉತ್ತರ ತಂದು ಜಗಳವಾಡುವುದು ಇಲ್ಲಿಂದಲೇ. ಅಂಥ ತಂಡಗಳಿಗೆ, ಮತ್ತು ಪ್ರತಿ ಕಡತಕ್ಕೂ ಬೇರೆ ಬೇರೆ ಸ್ಕೇಲ್ ಇರುವ ಹವಾಮಾನದ ನೆಟ್‌ಸಿಡಿಎಫ್ ಕಡತಗಳನ್ನು ಒಟ್ಟುಗೂಡಿಸುವವರಿಗೆ, ಮೊದಲೇ ಅನ್‌ಸ್ಕೇಲ್ ಮಾಡಿಡುವುದು ಕ್ಷೇಮ. ಜಾಗ ದುಬಾರಿಯಾಗುತ್ತದೆ, ಅದಕ್ಕೆ ಸಿದ್ಧರಿರಿ. ಬೈಟ್‌ಗಳು ಇಮ್ಮಡಿಯಾಗುವುದು ಒಂದು ಕಡೆ; ಗುಣಾಕಾರದಿಂದ ಬಂದ ದಶಮಾಂಶಗಳ ಬಾಲ ಪೂರ್ಣಾಂಕದಷ್ಟು ಚೆನ್ನಾಗಿ ಕುಗ್ಗುವುದಿಲ್ಲ ಎಂಬುದು ಇನ್ನೊಂದು ಕಡೆ. ಡಿಫ್ಲೇಟ್ ಸಂಕೋಚನದ ಜೊತೆ ಪ್ರಿಡಿಕ್ಟರ್ 3 ಕೊಡಿ, ಅದು ದಶಮಾಂಶಕ್ಕೆಂದೇ ಇರುವುದು. ಪೂರ್ಣಾಂಕಕ್ಕೆ 2.

ಅಂಕ ಕೊಡುವುದಾದರೆ ಐದಕ್ಕೆ ಮೂರೂವರೆ. ವೇಗಕ್ಕೆ, ವಿಆರ್‌ಟಿಗೆ, ಮುಕ್ತತೆಗೆ ಪೂರ್ಣ ಅಂಕ. ಕಳೆದ ಒಂದೂವರೆ ಅಂಕವೂ ಅದರ ಮೌನಕ್ಕೆ.

ಈಗ ಯಾವ ಹೊಸ ಕಡತ ಬಂದರೂ ಮೊದಲು ಜಿಡಾಲ್ ಲೊಕೇಶನ್ ಇನ್ಫೋ ಆಜ್ಞೆಯಿಂದ ಒಂದು ಪಿಕ್ಸೆಲ್ ಕೇಳುತ್ತೇನೆ. ಮೆಟಾಡೇಟಾದಲ್ಲಿ ಸ್ಕೇಲ್ ಇದ್ದರೆ ಅದು ಕಚ್ಚಾ ಬೆಲೆಯ ಕೆಳಗೆ ಸ್ಕೇಲ್ ಬಿಡಿಸಿದ ಬೆಲೆಯನ್ನೂ ಬರೆದು ತೋರಿಸುತ್ತದೆ. ಎರಡನೆಯ ಸಾಲು ಇಲ್ಲದಿದ್ದರೆ ಸ್ಕೇಲ್ ಇಲ್ಲ ಎಂದರ್ಥ. ಇದ್ದೂ ಅಸಂಬದ್ಧವಾಗಿದ್ದರೆ ಅಂಕಿ ತಲೆಕೆಳಗಾಗಿದೆ ಎಂದರ್ಥ. ಎಂಟು ಕೋಟಿಯ ಆ ಎಚ್‌ಡಿಎಫ್ ಕಡತವನ್ನು ಅಳಿಸಿಲ್ಲ. ತಂಡಕ್ಕೆ ಹೊಸಬರು ಬಂದಾಗ ಏನೂ ಹೇಳದೆ ಅದನ್ನು ಕೊಟ್ಟು, ಕಾಡಿನ ಸರಾಸರಿ ಎನ್‌ಡಿವಿಐ ಎಷ್ಟು ಎಂದು ಕೇಳುತ್ತೇನೆ. ಹೋದ ಬಾರಿ ಬಂದ ಹುಡುಗಿ ಐದು ನಿಮಿಷದಲ್ಲಿ ಹಿಂದಿರುಗಿ, ಉತ್ತರ ಹೇಳುವ ಬದಲು, ಈ ಹತ್ತು ಸಾವಿರವನ್ನು ಇಲ್ಲಿ ಬರೆದವರು ಯಾರು ಎಂದು ನನ್ನನ್ನೇ ಕೇಳಿದಳು.